ಮಂಜಿಯ ಒಸರು

ಏಳನೆಯ ತರಗತಿಗೆ ವಾಸ್ಕೋ ಡ ಗಾಮನ ಪಾಠ ಮಾಡುತ್ತಿದ್ದೆ. 1498, ಕಲ್ಲಿಕೋಟೆ, ಕಾಳುಮೆಣಸು ಎಂದೆಲ್ಲ ಕಪ್ಪುಹಲಗೆಯ ಮೇಲೆ ಬರೆದು, ಕೈಗಂಟಿದ ಸೀಮೆಸುಣ್ಣದ ಪುಡಿ ಕೊಡವಿಕೊಳ್ಳುತ್ತಿದ್ದಾಗ ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಮಿಸ್, ಆ ಹಡಗು ಮರದ್ದಲ್ವಾ? ಹಲಗೆಗೆ ಹಲಗೆ ಜೋಡಿಸಿದ್ದಲ್ವಾ? ಮಧ್ಯದಲ್ಲಿ ನೀರು ಬರ್ತಿರ್ಲಿಲ್ವಾ?”

ತರಗತಿ ಗೊಳ್ಳೆಂದು ನಕ್ಕಿತು. ನಮ್ಮದು ಘಟ್ಟದ ಮೇಲಿನ ಊರು. ಅರ್ಧದಷ್ಟು ಮಕ್ಕಳು ಸಮುದ್ರ ಕಂಡದ್ದು ಟಿವಿಯಲ್ಲಿ ಮಾತ್ರ. ನಾನು ನಗಲಿಲ್ಲ. ಇಷ್ಟು ವರ್ಷ ಈ ಪಾಠ ಮಾಡಿದ್ದೇನೆ. ಗಾಮನ ಹಡಗಿಗೆ ನೀರು ನುಗ್ಗುತ್ತಿತ್ತೇ ಎಂದು ಒಬ್ಬರೂ ಕೇಳಿರಲಿಲ್ಲ. ಅವರು ಕೇಳದಿದ್ದರೇನು, ನಾನಾದರೂ ಹೇಳಬಹುದಿತ್ತಲ್ಲ! ಹಡಗಿನ ಸಂದಿಗೆ ಹತ್ತಿ ತುಂಬಿ ಅನ್ನ ಸಂಪಾದಿಸಿದವರ ಮಗಳು ನಾನು.

“ಬರ್ತಿತ್ತು, ಕೂತ್ಕೋ, ನಾಳೆ ಹೇಳ್ತೀನಿ” ಎಂದೆ. ಮರುದಿನ ಹೇಳಿದ್ದು ಸ್ವಲ್ಪ. ಅಲ್ಲಿ ಹೇಳದೆ ಉಳಿಸಿಕೊಂಡದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತವರು ಗಂಗೊಳ್ಳಿಯ ಕಡೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕೇದಕ, ಕುಬ್ಜಾ ಎಂಬ ಐದು ಹೊಳೆಗಳು ಕೂಡಿ ಕಡಲಿಗೆ ಸೇರುವ ಜಾಗ. ನಾನು ಚಿಕ್ಕವಳಿದ್ದಾಗ ಆ ಅಳಿವೆಯಲ್ಲಿ ಮಂಜಿಗಳು ನಿಲ್ಲುತ್ತಿದ್ದವು. ಮಂಜಿಯೆಂದರೆ ಸರಕು ಸಾಗಿಸುವ ಮರದ ಹಾಯಿಹಡಗು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಹೊಳೆಬದಿಗಳಲ್ಲಿ ಅಂಥ ಕಾರ್ಖಾನೆಗಳು ಒಂದೊಂದಾಗಿ ಎದ್ದವು. ಮುಂಬಯಿಯ ಎಷ್ಟೋ ಮನೆಗಳ ಮೇಲೆ ಕೂತ ನಮ್ಮ ಹೆಂಚುಗಳು ಮಂಜಿಯ ಹೊಟ್ಟೆಯಲ್ಲಿ ಮಲಗಿ ಹೋದವುಗಳು. ಹೋಗುವಾಗ ಹೆಂಚು, ಬರುವಾಗ ಉಪ್ಪು. 1980ರ ಹೊತ್ತಿಗೆ ಎಂಜಿನ್ನು ಬಂದಿದ್ದರೂ ಹಾಯಿ ಇನ್ನೂ ಪೂರ್ತಿ ಇಳಿದಿರಲಿಲ್ಲ.

ಅಪ್ಪಯ್ಯ ಮಂಜಿ ಕಟ್ಟುವವರಲ್ಲ. ಅದು ಆಚಾರಿಗಳ ಕೆಲಸ. ಮಂಜಿಯಲ್ಲಿ ಹೋಗುವವರೂ ಅಲ್ಲ; ಅದು ತಾಂಡೇಲನ, ಖಲಾಸಿಗಳ ಕೆಲಸ. ಅಪ್ಪಯ್ಯನದು ಹಳೆಯ ಮಂಜಿಯಲ್ಲಿ ನೀರು ಒಸರುವ ಜಾಗವನ್ನು ಹುಡುಕಿ ಮುಚ್ಚುವ ಕೆಲಸ. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳ ಕೊನೆಗೆ, ಮಂಜಿಯನ್ನು ದಡಕ್ಕೆಳೆದು ಮೇಲೆ ಮಡಲಿನ ಚಪ್ಪರ ಹಾಕುತ್ತಿದ್ದರು. ಶ್ರಾವಣದಲ್ಲಿ ಮಳೆ ಸ್ವಲ್ಪ ಹೊಳವಾದಾಗ ಅಪ್ಪಯ್ಯನಿಗೆ ಕರೆ ಬರುತ್ತಿತ್ತು. ನೂಲಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟು ಕೈಮುಗಿದ ಮೇಲೆ ಒಂದೊಂದೇ ಮಂಜಿ ನೀರಿಗಿಳಿಯುತ್ತಿತ್ತು. ಅಷ್ಟರೊಳಗೆ ಕೆಲಸ ಮುಗಿಯಬೇಕು.

ನೀರು ಒಸರದ ಮರದ ಹಡಗು ಈ ಲೋಕದಲ್ಲಿ ಇಲ್ಲ. ಮರಕ್ಕೆ ಬಿಸಿಲು ಬಿದ್ದರೆ ಕುಗ್ಗುತ್ತದೆ, ನೀರು ಕುಡಿದರೆ ಉಬ್ಬುತ್ತದೆ. ದಡದಲ್ಲಿ ಮೂರು ತಿಂಗಳು ಒಣಗಿದ ಹಲಗೆಗಳ ನಡುವೆ ಸಂದು ಬಿಡುತ್ತದೆ. ಅಲೆಯ ಮೇಲೆ ಹೋಗುವಾಗ ಇಡೀ ಹಡಗು ಬಳುಕುತ್ತದೆ. ಬಳುಕಿದಾಗಲೆಲ್ಲ ಸಂದುಗಳು ಬಾಯಿ ತೆರೆದು ಮುಚ್ಚುತ್ತವೆ. ಕಬ್ಬಿಣದ ಮೊಳೆ ಉಪ್ಪುನೀರಿನಲ್ಲಿ ತುಕ್ಕು ಹಿಡಿದು ಸಣ್ಣದಾಗುತ್ತದೆ, ಅದರ ತೂತು ಮಾತ್ರ ದೊಡ್ಡದಾಗುತ್ತ ಹೋಗುತ್ತದೆ. ಹೀಗೆ ಹಳೆಯ ಹಡಗಿಗೆ ನೂರು ಬಾಯಿ.

ನಮ್ಮ ಪೂರ್ವಿಕರು ಮೊಳೆಯ ಸಹವಾಸವೇ ಬೇಡವೆಂದು ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದರು. ಬಟ್ಟೆಗೆ ಹೊಲಿಗೆ ಹಾಕಿದ ಹಾಗೆಯೇ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಹಾರ್ಮುಜ್ ಬಂದರಿನಲ್ಲಿ ಅಂಥ ಹಡಗುಗಳನ್ನು ನೋಡಿದ ಮಾರ್ಕೊ ಪೋಲೊ ಮೂಗು ಮುರಿದ. ನಾರಿನಿಂದ ಹೊಲಿದವು, ಮೀನೆಣ್ಣೆ ಬಳಿದವು, ಇವುಗಳಲ್ಲಿ ಪ್ರಯಾಣವೆಂದರೆ ಪ್ರಾಣಕ್ಕೆ ಅಪಾಯ ಎಂದು ಬರೆದ. ಸುಮಾರು ಅರ್ಧ ಶತಮಾನದ ನಂತರ ಈ ಕಡಲಿನಲ್ಲಿ ಓಡಾಡಿದ ಇಬ್ನ್ ಬತೂತನ ಅಭಿಪ್ರಾಯ ಬೇರೆ. ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆದುಹೋಗುತ್ತದೆ, ಹೊಲಿದ ಹಡಗು ಬಳುಕಿ ಉಳಿಯುತ್ತದೆ ಎಂದು ಅವನು ಬರೆದಿದ್ದಾನೆ. ನಮ್ಮ ಹೊನ್ನಾವರದಲ್ಲಿ ಹೆಣ್ಣುಮಕ್ಕಳ ಶಾಲೆಗಳೇ ಹದಿಮೂರು ಇದ್ದುವೆಂದು ಬರೆದವನೂ ಅವನೇ. ಆ ಕಾರಣಕ್ಕಾಗಿ ನನಗೆ ಅವನ ಮೇಲೆ ಸ್ವಲ್ಪ ಪಕ್ಷಪಾತ ಇರಬಹುದು, ಕ್ಷಮಿಸಬೇಕು.

ಇನ್ನು ಗಾಮನ ವಿಷಯ. ಕಲ್ಲಿಕೋಟೆಯಿಂದ ಹಿಂದಿರುಗುವಾಗ ಅವನು 1498ರ ಸೆಪ್ಟೆಂಬರಿನಲ್ಲಿ ಕಾರವಾರದ ಎದುರಿಗಿರುವ ಅಂಜುದೀವ ದ್ವೀಪದ ಬಳಿ ಲಂಗರು ಹಾಕಿದ. ಎರಡು ಹಡಗುಗಳನ್ನು ಅಲ್ಲಿ ದಡಕ್ಕೆ ತಂದು, ಓರೆ ಮಾಡಿ, ಅಡಿ ಕೆರೆದು ಸರಿಪಡಿಸಿಕೊಂಡು ಮುಂದೆ ಹೋದ. ಪಾಠಪುಸ್ತಕದಲ್ಲಿ ಕಲ್ಲಿಕೋಟೆ ಇದೆ, ಕಾಳುಮೆಣಸು ಇದೆ, ಅಂಜುದೀವ ಇಲ್ಲ.

ಅಪ್ಪಯ್ಯನ ಕೆಲಸದ ಕ್ರಮವನ್ನು ಹೇಳಬೇಕು. ಮೊದಲು ಮಂಜಿಯ ಸುತ್ತ ಸುಮ್ಮನೆ ನಡೆಯುತ್ತಿದ್ದರು, ಮನೆಗೆ ಹೆಣ್ಣು ನೋಡಲು ಬಂದವರ ಹಾಗೆ. ಮೈಯೆಲ್ಲ ಒಣಗಿದ ಮೇಲೂ ಯಾವ ಸಂದು ಇನ್ನೂ ಒದ್ದೆಯಿದೆ, ಎಲ್ಲಿ ತುಕ್ಕಿನ ಕೆಂಪು ಗೆರೆ ಇಳಿದಿದೆ ಎಂದು ನೋಡಿಕೊಳ್ಳುತ್ತಿದ್ದರು. ಆಮೇಲೆ ಮರದ ಕೊಡತಿಯಿಂದ ಹಲಗೆಗಳನ್ನು ಕುಟ್ಟುತ್ತ ಹೋಗುವುದು. ಗಟ್ಟಿ ಮರ ಟಣ್ ಎನ್ನುತ್ತದೆ, ಒಳಗೆ ಕೆಟ್ಟದ್ದು ಬೊದ್ ಎನ್ನುತ್ತದೆ. ಪೇಟೆಯಲ್ಲಿ ನಾವು ಹಲಸಿನಹಣ್ಣನ್ನು ತಟ್ಟಿ ಕೊಳ್ಳುವುದಿಲ್ಲವೆ, ಅದೇ ವಿದ್ಯೆ. ಅನುಮಾನ ಬಂದಲ್ಲಿ ಚೂರಿಯ ಮೊನೆ ಚುಚ್ಚಿ ನೋಡುವುದು. ಕತ್ತಲಾದ ಮೇಲೆ ನನ್ನನ್ನೋ ತಮ್ಮನನ್ನೋ ದೀಪ ಕೊಟ್ಟು ಮಂಜಿಯ ಹೊಟ್ಟೆಗೆ ಇಳಿಸಿ ತಾವು ಹೊರಗಿನಿಂದ ನೋಡುತ್ತಿದ್ದರು. ನಾನು ದೀಪವನ್ನು ಸಂದಿನುದ್ದಕ್ಕೂ ನಿಧಾನವಾಗಿ ಸರಿಸಬೇಕು. ಬೆಳಕು ಕಂಡಲ್ಲಿ ಅವರು ಸುಣ್ಣದ ಬೊಟ್ಟು ಇಡುತ್ತಿದ್ದರು. ಒಳಗೆ ಜಿರಳೆ, ಕೊಳೆತ ನೀರಿನ ನಾತ, ಕತ್ತಲೆ. ಹೊರಗಿನಿಂದ “ಹಾಂ, ಅಲ್ಲೇ ಹಿಡಿ ಹೆಣೆ” ಎಂಬ ಅಪ್ಪಯ್ಯನ ದನಿ ಕೇಳಿದರೆ ಹೆದರಿಕೆ ಹೋಗುತ್ತಿತ್ತು.

ಒಳಗೆ ತೊಟ್ಟಿಕ್ಕಿದ ನೀರು ಕಂಡರೆ ಅದನ್ನು ಬೆರಳಿಗೆ ಹಚ್ಚಿ ನಾಲಿಗೆಗೆ ತಾಗಿಸುತ್ತಿದ್ದರು. ಉಪ್ಪಾದರೆ ಅದು ಅಡಿಯಿಂದ ಬಂದದ್ದು, ಸಪ್ಪೆಯಾದರೆ ಮೇಲಿನಿಂದ ಬಂದ ಮಳೆನೀರು. ಎರಡಕ್ಕೂ ಮದ್ದು ಬೇರೆ. ಇನ್ನೊಂದು ಉಪಾಯವೂ ಇತ್ತು. ಒಣಗಿದ ಒಲೆಬೂದಿಯನ್ನು ಒಳಮೈಗೆ ಎರಚಿ ಬಿಡುವುದು. ನೀರು ಬಂದ ದಾರಿಯನ್ನು ಬೂದಿಯ ಮೇಲೆ ತಾನೇ ಬರೆದು ತೋರಿಸುತ್ತದೆ. ಬೂದಿಯ ಗೆರೆ ಹಿಡಿದು ಹೋದರೆ ಎಷ್ಟೋ ಸಲ ಒದ್ದೆ ಕಂಡಲ್ಲಿಗೂ ತೂತಿಗೂ ನಾಲ್ಕು ಮಾರು ದೂರ. “ನೀರ್ ಒಳ್ಗ್ ಬಪ್ದ್ ಒಂದ್ ಬದಿ, ಕಾಂಬ್ದ್ ಇನ್ನೊಂದ್ ಬದಿ” ಎನ್ನುತ್ತಿದ್ದರು. ಹಲಗೆಯ ಹಿಂದೆ ಹರಿದು, ಅಡ್ಡಮರಕ್ಕೆ ತಡೆದು, ತಗ್ಗು ಸಿಕ್ಕಲ್ಲಿ ಅದು ಇಳಿಯುತ್ತದೆ. ಒದ್ದೆ ಕಂಡಲ್ಲಿ ಹತ್ತಿ ತುಂಬಿ ಕೈ ತೊಳೆದುಕೊಳ್ಳುವವನು ಕೆಲಸ ಬಲ್ಲವನಲ್ಲ.

ಮುಚ್ಚುವ ಕೆಲಸದಲ್ಲಿ ನಮ್ಮ ಅಬ್ಬಿಯ ಪಾಲೂ ಇತ್ತು. ಸಂದಿಗೆ ತುಂಬುವ ಹತ್ತಿಯನ್ನು ಹಿಂಜಿ, ತೊಡೆಯ ಮೇಲಿಟ್ಟು ಅಂಗೈಯಿಂದ ಹೊಸೆದು, ಉದ್ದುದ್ದ ಬತ್ತಿ ಮಾಡಿ ಕೊಡಬೇಕು. ಸಂಜೆ ದೇವರ ದೀಪಕ್ಕೆ ಹೊಸೆಯುವ ಬತ್ತಿಯಂತೆಯೇ, ದಪ್ಪ ಮಾತ್ರ ಹೆಚ್ಚು. ಅಬ್ಬಿಯ ಜೊತೆ ಕೇರಿಯ ನಾಲ್ಕು ಹೆಂಗಸರು ಕೂತರೆ ಎರಡು ದಿನಕ್ಕೆ ಒಂದು ಮಂಜಿಯ ಹತ್ತಿ ಮುಗಿಯುತ್ತಿತ್ತು. ಅದಕ್ಕೆ ಕೂಲಿಯೆಂದು ಬೇರೆ ಇರಲಿಲ್ಲ. ಅಪ್ಪಯ್ಯನ ಕೂಲಿಯಲ್ಲೇ ಸೇರಿತು ಎಂಬ ಲೆಕ್ಕ. ಈ ಲೆಕ್ಕ ನಿಮಗೂ ಗೊತ್ತಿರಬಹುದು!

ಆ ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ, ಮೊಂಡು ಉಳಿಯಿಂದ ಸಂದಿಗೆ ಒತ್ತಿ, ಕೊಡತಿಯಿಂದ ಹದವಾಗಿ ಬಡಿಯಬೇಕು. ಮೇಲೆ ರಾಳವನ್ನು ಎಣ್ಣೆಯಲ್ಲಿ ಕಾಯಿಸಿ ಮೆತ್ತಬೇಕು. ಹೊರಮೈಗೆ ಗೇರುಬೀಜದ ಸಿಪ್ಪೆಯ ಎಣ್ಣೆ. ಅದು ತಾಗಿದರೆ ಚರ್ಮ ಸುಲಿಯುತ್ತದೆ, ಅಪ್ಪಯ್ಯನ ಅಂಗೈ ವರ್ಷಪೂರ್ತಿ ಕಪ್ಪು. ಅಡಿಗೆ ಸುಣ್ಣ ಮತ್ತು ಎಣ್ಣೆ ಕಲಸಿದ ಲೇಪ. ಇಷ್ಟರಲ್ಲಿ ಹತ್ತಿಯ ಹದವೇ ಮುಖ್ಯ. ಸಡಿಲವಾದರೆ ನೀರು ಬರುತ್ತದೆ, ತೀರ ಬಿಗಿದರೆ ಹಲಗೆ ಉಬ್ಬಿದಾಗ ಜಾಗ ಸಾಲದೆ ಪಕ್ಕದ ಮೊಳೆಯನ್ನೇ ಕೀಳುತ್ತದೆ. ಮಂಜಿಯನ್ನು ನೀರಿಗಿಳಿಸಿದ ಮೇಲೂ ಒಂದೆರಡು ದಿನ ನೀರು ಬಂದೇ ಬರುತ್ತದೆ. ಹಲಗೆ ನೀರು ಕುಡಿದು ಉಬ್ಬಿ, ಹತ್ತಿಯನ್ನು ಅಮುಕಿ ಹಿಡಿದ ಮೇಲೆ ಒಸರು ನಿಲ್ಲುತ್ತದೆ. ಆ ಎರಡು ದಿನ ಹೊಟ್ಟೆಯೊಳಗಿನ ನೀರನ್ನು ಅಳೆಯುತ್ತಿರಬೇಕು. ಇಳಿದರೆ ಸರಕು ತುಂಬಬಹುದು. ಏರಿದರೆ ಮತ್ತೆ ದಡಕ್ಕೆ.

ಹೇಳಲು ಕಷ್ಟವಾಗುವ ಭಾಗ ಇನ್ನು ಮುಂದಿನದು.

1980ರಲ್ಲಿ ನನಗೆ ಹನ್ನೊಂದು ವರ್ಷ. ಆ ವರ್ಷ ಅಪ್ಪಯ್ಯ ಹಿಡಿದದ್ದು ತಮಗಿಂತ ಹೆಚ್ಚು ವಯಸ್ಸಿನ ಒಂದು ಮಂಜಿ. ಅಡಿಯಲ್ಲಿ ಎರಡು ಹಲಗೆ ಬೊದ್ ಎನ್ನುತ್ತವೆ, ಬದಲಾಯಿಸಬೇಕು ಎಂದು ಅವರು ಸಾಹುಕಾರರಿಗೆ ಹೇಳಿದ್ದರು. ಸಾಹುಕಾರರು ಒಂದನ್ನು ಬದಲಾಯಿಸಿದರು, ಇನ್ನೊಂದು ಬರುವ ವರ್ಷಕ್ಕಿರಲಿ ಎಂದರು. ಮಂಜಿ ನೀರಿಗಿಳಿದ ದಿನವೇ ಅಪ್ಪಯ್ಯನಿಗೆ ಜ್ವರ ಹಿಡಿಯಿತು. ಕಂಬಳಿ ಹೊದ್ದು ಮಲಗಿದವರು ನನ್ನ ಕೈಗೆ ಬಿದಿರಿನ ಕೋಲು ಕೊಟ್ಟರು. ಅದರ ಮೇಲೆ ಗೇಣು ಗೇಣಿಗೆ ಗುರುತು ಕೆತ್ತಿತ್ತು. “ಇವತ್ತ್ ಸಂಜಿ, ನಾಳೆ ಬೆಳಿಗ್ಗೆ, ಎರ್ಡ್ ಸಲ ಅಳ್ದ್ ಬಂದ್ ಹೇಳ್” ಎಂದರು.

ಸಂಜೆ ಹೋದಾಗ ಕಾವಲಿನ ಮುದುಕ ಲಾಟೀನು ಹಿಡಿದು, ಹಾಯಿಕಂಬದ ಬುಡದ ಗುಂಡಿಯಲ್ಲಿ ಎಲ್ಲಿ ಕೋಲು ಬಿಡಬೇಕೆಂದು ತೋರಿಸಿದ. ಒಂದೂವರೆ ಗೇಣು ನೀರಿತ್ತು. ಮರುದಿನ ಬೆಳಿಗ್ಗೆ ಮುದುಕ ಇರಲಿಲ್ಲ. ಗುಂಡಿಯ ಮೇಲೆ ಯಾರೋ ಹಗ್ಗದ ಸುರುಳಿ ರಾಶಿ ಹಾಕಿದ್ದರು. ನನಗೆ ಶಾಲೆಯ ಗಂಟೆಯ ಆತುರ. ಸ್ವಲ್ಪ ಆಚೆಗೆ, ಕಾಲಿಡಲು ಹಾಸಿದ್ದ ಒಳಹಲಗೆಯ ಮೇಲೂ ನೀರು ನಿಂತಿತ್ತು. ಅಲ್ಲಿಯೇ ಕೋಲು ಊರಿದೆ. ಅರ್ಧ ಗೇಣು. ಓಡುತ್ತ ಬಂದು “ನೀರ್ ಇಳ್ದಿತ್ ಅಪ್ಪಯ್ಯ, ಅರ್ಧ ಗೇಣ್ ಅಷ್ಟೇ” ಎಂದೆ. ಕೋಲನ್ನು ಜಗುಲಿಯ ಮೂಲೆಗೆ ಒರಗಿಸಿ, ಪಾಟಿಚೀಲ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟೆ. ಅಪ್ಪಯ್ಯ ಸಾಹುಕಾರರಿಗೆ ಹೇಳಿ ಕಳಿಸಿದರು: ಹಲಗೆ ನೀರು ಕುಡಿದಿದೆ, ತುಂಬಬಹುದು.

ಹೋಗುವಾಗ ಹೆಂಚು, ಹೆಂಚಿಗೆ ನೀರು ತಾಗಿದರೆ ನಷ್ಟವಿಲ್ಲ. ಖಲಾಸಿಗಳು ದಿನವೂ ಪಂಪು ಹೊಡೆಯುತ್ತ ಮುಂಬಯಿ ಮುಟ್ಟಿಸಿದರು. ಬರುವಾಗ ಉಪ್ಪು. ಗಾಳಿ ಜೋರಾಗಿ ಮಂಜಿ ಬಳುಕಿದ್ದೇ ತಡ, ಕೆಳಗಿನ ಸಾಲಿನ ಮೂಟೆಗಳಿಗೆ ನೀರೇರಿತು. ಪಂಪು ಹೊಡೆದಷ್ಟೂ ಸಾಹುಕಾರರ ಉಪ್ಪು ನೀರಾಗಿ ಕಡಲಿಗೇ ಹೋಯಿತು. ಜನರಿಗೆ ಏನೂ ಆಗಲಿಲ್ಲ, ಅದೊಂದು ಪುಣ್ಯ. ದಡಕ್ಕೆ ಬಂದಾಗ ಕೆಳಸಾಲಿನಲ್ಲಿ ಬರಿಯ ಗೋಣಿಗಳು ಉಳಿದಿದ್ದವು.

ಸಾಹುಕಾರರು ನಮ್ಮ ಅಂಗಳದಲ್ಲಿ ನಿಂತು, ಕೇರಿಯವರೆಲ್ಲ ಕೇಳುವ ಹಾಗೆ “ಹತ್ತಿ ಸಮ ತುಂಬ್ಲ ನೀನ್” ಎಂದರು. ಅಪ್ಪಯ್ಯ ತಲೆ ತಗ್ಗಿಸಿ ನಿಂತಿದ್ದರು. ಬಾಗಿಲ ಮರೆಯಲ್ಲಿ ಅಬ್ಬಿ, ಅವಳ ಹಿಂದೆ ನಾನು. ಬರಬೇಕಿದ್ದ ಅರ್ಧ ಕೂಲಿ ಬರಲಿಲ್ಲ. ಮುಂದಿನ ವರ್ಷ ಆ ಮಂಜಿಯ ಕೆಲಸ ಬೇರೆಯವರಿಗೆ ಹೋಯಿತು. ದಡಕ್ಕೆಳೆದು ನೋಡಿದಾಗ ಹತ್ತಿಯೆಲ್ಲ ಇದ್ದ ಜಾಗದಲ್ಲೇ ಇತ್ತಂತೆ. ಬದಲಾಯಿಸದೆ ಬಿಟ್ಟ ಹಲಗೆಯನ್ನು ಹುಳು ಜರಡಿ ಮಾಡಿತ್ತಂತೆ. ಆ ಸುದ್ದಿ ನಮ್ಮ ಅಂಗಳಕ್ಕೆ ಬಂದು ಯಾರೂ ಹೇಳಲಿಲ್ಲ.

ನನ್ನ ಅಳತೆ ತಪ್ಪಿದ್ದು ನನಗೆ ಯಾವಾಗ ತಿಳಿಯಿತು ಎಂದು ಕೇಳಬಹುದು. ಸಾಹುಕಾರರು ಅಂಗಳದಲ್ಲಿ ನಿಂತಾಗಲೇ ಹೊಟ್ಟೆಯಲ್ಲಿ ಏನೋ ಚಳಕ್ ಎಂದಿತ್ತು. ಆದರೆ ಏನು ತಪ್ಪಿದ್ದೆ ಎಂಬುದು ಸ್ಪಷ್ಟವಾಗಿ ಗೊತ್ತಾದದ್ದು ಹನ್ನೊಂದು ವರ್ಷಗಳ ನಂತರ, ಬಿಎಡ್ ಓದುವಾಗ, ಕಾಲೇಜಿನ ಗ್ರಂಥಾಲಯದಲ್ಲಿ. ಪಾಠಯೋಜನೆಗೆಂದು ನಾವಿಕ ಜೇಮ್ಸ್ ಕುಕ್‌ನ ಪ್ರಯಾಣದ ಪುಸ್ತಕ ತೆಗೆದಿದ್ದೆ.

ಕುಕ್‌ನ ಎಂಡೆವರ್ ಹಡಗು ಮೊದಲು ಕಲ್ಲಿದ್ದಲು ಸಾಗಿಸುತ್ತಿದ್ದದ್ದು. ನಮ್ಮ ಮಂಜಿಯ ಜಾತಿಯದೇ ಎನ್ನಿ. 1764ರಲ್ಲಿ ಇಂಗ್ಲೆಂಡಿನ ವಿಟ್ಬಿಯಲ್ಲಿ ಕಟ್ಟಿದ್ದು. 1768ರಲ್ಲಿ ನೌಕಾಪಡೆ ಕೊಂಡು ದಕ್ಷಿಣ ಸಮುದ್ರಕ್ಕೆ ಕಳಿಸಿತು. 1770ರ ಜೂನ್ 11ರ ರಾತ್ರಿ, ಬೆಳದಿಂಗಳಲ್ಲಿ, ಆಸ್ಟ್ರೇಲಿಯಾದ ಈಶಾನ್ಯ ಕರಾವಳಿಯ ಹವಳದ ದಿಬ್ಬಕ್ಕೆ ಅದು ಬಡಿದು ಕೂತಿತು. ಹಗುರ ಮಾಡಲೆಂದು ಆರು ಫಿರಂಗಿ, ಕಬ್ಬಿಣ, ಕಲ್ಲು, ಪೀಪಾಯಿ ಎಂದು ನಲವತ್ತೈವತ್ತು ಟನ್ ಭಾರವನ್ನು ಕಡಲಿಗೆ ಎಸೆದರು. ನಾಲ್ಕು ಪಂಪುಗಳಲ್ಲಿ ಒಂದು ಕೆಟ್ಟಿತ್ತು. ಉಳಿದ ಮೂರನ್ನು ಕಪ್ತಾನನೂ ಸೇರಿ ಎಲ್ಲರೂ ಸರದಿಯಂತೆ ಹೊಡೆದರು. ಸುಮಾರು ಇಪ್ಪತ್ತಮೂರು ತಾಸುಗಳ ನಂತರ, ಮರುದಿನ ರಾತ್ರಿಯ ಭರತದಲ್ಲಿ ಹಡಗು ತೇಲಿತು.

ತೇಲಿದ ಮೇಲೆ ಒಂದು ಘಟನೆ ನಡೆಯಿತು. ಒಳಗಿನ ನೀರು ಅಳೆಯುತ್ತಿದ್ದವನ ಸರದಿ ಮುಗಿದು ಬೇರೊಬ್ಬ ಬಂದ. ಮೊದಲಿನವನು ಒಳಗೆ ಹಾಸಿದ ಹಲಗೆಯಿಂದ ಅಳೆಯುತ್ತಿದ್ದ. ಅದನ್ನರಿಯದ ಎರಡನೆಯವನು ಹೊರಹಲಗೆಯ ತನಕ ಕೋಲು ಬಿಟ್ಟು ಅಳೆದ. ಎರಡಕ್ಕೂ 16ರಿಂದ 18 ಅಂಗುಲ, ಅಂದರೆ ನಮ್ಮ ಲೆಕ್ಕದ ಎರಡು ಗೇಣು, ವ್ಯತ್ಯಾಸ. ಕ್ಷಣದಲ್ಲಿ ಎರಡು ಗೇಣು ನೀರು ಏರಿತೆಂದು ಸುದ್ದಿಯಾಯಿತು. ಅಲ್ಲಿಯ ತನಕ ಧೈರ್ಯವಾಗಿದ್ದ ಅಷ್ಟೂ ಜನಕ್ಕೆ ಮೊದಲ ಬಾರಿ ಹೆದರಿಕೆ ಹುಟ್ಟಿತು. ತಪ್ಪು ಎಲ್ಲಿದೆಯೆಂದು ತಿಳಿದೊಡನೆ ಮಂತ್ರ ಹಾಕಿದ ಹಾಗೆ ಅವರ ಕೈಗೆ ಬಲ ಬಂತು. ಬೆಳಿಗ್ಗೆ ಎಂಟರೊಳಗೆ ಪಂಪುಗಳು ನೀರನ್ನು ಸಾಕಷ್ಟು ಹಿಮ್ಮೆಟ್ಟಿಸಿದವು.

ಆ ಪುಟದ ಮೇಲೆ ನನ್ನ ಕೈ ನಿಂತುಬಿಟ್ಟಿತು. ಒಳಹಲಗೆ, ಹೊರಹಲಗೆ! ಗುಂಡಿಯ ಬುಡದಿಂದ ಒಮ್ಮೆ, ಕಾಲಿಡುವ ಹಲಗೆಯಿಂದ ಒಮ್ಮೆ ಅಳೆದು ನಾನು ಹೇಳಿದ್ದು ಇದನ್ನೇ. ಅವರ ತಪ್ಪಿನಿಂದ ಬರಿಯ ಹೆದರಿಕೆ ಹುಟ್ಟಿತು, ನನ್ನ ತಪ್ಪಿನಿಂದ ಬರಿಯ ಧೈರ್ಯ ಹುಟ್ಟಿತು. ಯಾವುದು ಹೆಚ್ಚು ಕೆಟ್ಟದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಕುಕ್‌ನ ಕತೆ ಅಲ್ಲಿಗೆ ಮುಗಿಯಲಿಲ್ಲ. ತೂತು ಎಲ್ಲಿದೆಯೆಂದು ಒಳಗಿನಿಂದ ಕಾಣುವುದಿಲ್ಲ. ಆಗ ಜೊನಾಥನ್ ಮಂಕ್‌ಹೌಸ್ ಎಂಬ ಕಿರಿಯ ಅಧಿಕಾರಿ ಒಂದು ಉಪಾಯ ಹೇಳಿದ; ಹಿಂದೆ ವ್ಯಾಪಾರಿ ಹಡಗೊಂದರಲ್ಲಿ ಅದನ್ನು ಕಂಡಿದ್ದ. ಹಳೆಯ ಹಗ್ಗದ ನಾರು ಮತ್ತು ಉಣ್ಣೆಯನ್ನು ಸಣ್ಣಗೆ ಕತ್ತರಿಸಿ ಬೆರೆಸಿ, ಹಾಯಿಬಟ್ಟೆಯ ಮೇಲೆ ಹಿಡಿಹಿಡಿಯಾಗಿ ಸಡಿಲವಾಗಿ ಅಂಟಿಸಿ, ಮೇಲೆ ಕುರಿಯ ಹಿಕ್ಕೆ ಬಳಿದರು. ಆ ಹಾಯಿಯನ್ನು ಹಗ್ಗ ಕಟ್ಟಿ ಹಡಗಿನ ಅಡಿಗೆ ಇಳಿಸಿ ಎಳೆದರು. ಜಾಗ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಒಳಗೆ ನುಗ್ಗುವ ನೀರೇ ನಾರನ್ನೂ ಉಣ್ಣೆಯನ್ನೂ ಸೆಳೆದುಕೊಂಡು ಹೋಗಿ ತನ್ನ ಬಾಯಿಗೆ ತಾನೇ ತುರುಕಿಕೊಳ್ಳುತ್ತದೆ. ಒಂದೇ ಪಂಪು ಸಾಕಾಗುವಷ್ಟು ಒಸರು ಇಳಿಯಿತು. ಅಪ್ಪಯ್ಯನ ಬೂದಿಯೂ ಇದೇ ನ್ಯಾಯದ್ದಲ್ಲವೆ, ನೀರಿನಿಂದಲೇ ನೀರಿನ ದಾರಿ ಕೇಳುವುದು!

ಹೊಳೆಯೊಂದರ ಬಾಯಲ್ಲಿ ದಡಕ್ಕೆಳೆದು ನೋಡಿದಾಗ ತೂತಿನಲ್ಲಿ ಹವಳದ ದೊಡ್ಡ ತುಂಡೊಂದು ಮುರಿದು ಸಿಕ್ಕಿಕೊಂಡಿತ್ತು. ಹೊಡೆದ ಕಲ್ಲೇ ಬಿರಡೆಯಾಗಿ ಹಡಗನ್ನು ಉಳಿಸಿತ್ತು. ಆ ವರ್ಷದ ಕೊನೆಗೆ ಬಟಾವಿಯಾದಲ್ಲಿ, ಈಗಿನ ಜಕಾರ್ತಾದಲ್ಲಿ, ಪೂರ್ತಿ ತಪಾಸಣೆ ಮಾಡಿದಾಗ ಅಡಿಯ ಕೆಲವು ಹಲಗೆಗಳು ಅಂಗುಲದ ಎಂಟನೆಯ ಒಂದು ಭಾಗದಷ್ಟು ಮಾತ್ರ ಉಳಿದಿದ್ದವು. ಅಲ್ಲಿ ಹಡಗುಹುಳುವೂ ಒಳಮರದ ತನಕ ಹೊಕ್ಕಿತ್ತು. ಹುಳು ಎನ್ನುತ್ತೇವೆ, ನಿಜವಾಗಿ ಅದು ಕಪ್ಪೆಚಿಪ್ಪಿನ ಬಳಗದ ಜೀವಿ. ಮೊನೆಯಲ್ಲಿರುವ ಚಿಕ್ಕ ಚಿಪ್ಪಿನಿಂದ ಮರವನ್ನು ಕೊರೆಯುತ್ತ ಹೋಗುತ್ತದೆ. ಹೊರಗೆ ಗುಂಡುಸೂಜಿಯಷ್ಟು ತೂತು, ಒಳಗೆ ಬೆರಳು ಹೋಗುವ ಸುರಂಗ. ಕಣ್ಣಿಗೆ ಕಾಣದ್ದರಿಂದಲೇ ಕೊಡತಿಯ ಸದ್ದು ಕೇಳಬೇಕು. ಮಂಕ್‌ಹೌಸ್ ಊರು ಮುಟ್ಟಲಿಲ್ಲ. ಬಟಾವಿಯಾದಲ್ಲಿ ಹಿಡಿದ ರೋಗಗಳು ಹಡಗಿನ ಬಹಳಷ್ಟು ಜನರನ್ನು ಬಲಿ ತೆಗೆದುಕೊಂಡವು. ಅವನು 1771ರ ಫೆಬ್ರುವರಿಯಲ್ಲಿ ದಾರಿಯಲ್ಲಿಯೇ ತೀರಿಕೊಂಡ.

ಆ ರಜೆಯಲ್ಲಿ ಊರಿಗೆ ಹೋದವಳು ಅಪ್ಪಯ್ಯನ ಎದುರು ಕೂತೆ. ಆಗ ಅವರಿಗೆ ಮಂಜಿಯ ಕೆಲಸ ಹೆಚ್ಚುಕಡಿಮೆ ನಿಂತಿತ್ತು. ಲಾರಿಗಳು ಹೆಂಚನ್ನು ಮನೆಬಾಗಿಲಿಗೇ ಒಯ್ಯುತ್ತಿದ್ದವು. ನಾನು ಕುಕ್‌ನ ಕತೆ ಹೇಳಿದೆ. ನೀರಳೆದ ಇಬ್ಬರ ವಿಷಯ ಬಂದಾಗ ನನ್ನ ಗಂಟಲು ಕಟ್ಟಿತು. ನನ್ನ ತಪ್ಪನ್ನೂ ಹೇಳಿದೆ.

ಅಪ್ಪಯ್ಯ ಬಹಳ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತ ಕೂತರು. ಆಮೇಲೆ “ಕೋಲಿನ್ ತುದೀಲ್ ಕೆಸ್ರ್ ಇರ್ಲ ಮಗಾ” ಎಂದರು.

ಮೊದಲು ನನಗೆ ಅರ್ಥವಾಗಲಿಲ್ಲ. ಮಂಜಿಯ ತಳದಲ್ಲಿ ಎಣ್ಣೆ, ಕೊಳೆ ಸೇರಿದ ಕಪ್ಪು ಕೆಸರು ಇರುತ್ತದೆ. ತಳ ಮುಟ್ಟಿದ ಕೋಲಿನ ತುದಿ ಕಪ್ಪಾಗಬೇಕು. ಜ್ವರ ಬಿಟ್ಟು ಎದ್ದು ಜಗುಲಿಗೆ ಬಂದಾಗ ಮೂಲೆಯಲ್ಲಿದ್ದ ಕೋಲನ್ನು ಅವರು ನೋಡಿದ್ದರು. ಹಿಂದಿನ ಸಂಜೆಯ ಕಪ್ಪನ್ನು ನಾನೇ ಹೊಳೆಯಲ್ಲಿ ತೊಳೆದಿದ್ದೆ. ಬೆಳಗಿನದ್ದರಲ್ಲಿ ಕಪ್ಪೇ ಇರಲಿಲ್ಲ. ಅಷ್ಟು ಹೊತ್ತಿಗೆ ಮಂಜಿ ಅಳಿವೆ ದಾಟಿ ಹೋಗಿ ಒಂದು ದಿನವಾಗಿತ್ತು. ಸಾಹುಕಾರರು ಅಂಗಳದಲ್ಲಿ ನಿಂತು ಆಡಿದ ದಿನ ಅವರಿಗೆ ಎರಡು ಮಾತು ಹೇಳುವ ದಾರಿಯಿತ್ತು. ಹಲಗೆ ಬದಲಾಯಿಸದವರು ನೀವು ಎನ್ನಬಹುದಿತ್ತು. ಅಳೆದವಳು ಮಗಳು ಎನ್ನಬಹುದಿತ್ತು. ಎರಡನ್ನೂ ಹೇಳಲಿಲ್ಲ.

“ಮತ್ ನಂಗಾರೂ ಹೇಳ್ಲಿಲ್ಲ ಯಾಕೆ?” ಎಂದೆ.

“ಹನ್ನೊಂದ್ ವರ್ಷದ್ ಹೆಣ್ಣಿಗೆ ಅಳುಕ್ ಕಳ್ಸದ್ ನಾನ್. ಎಲ್ಲಿಂದ ಅಳೂಕ್ ಅಂದೇಳಿ ಹೇಳ್ಲ. ತಪ್ಪ್ ಯಾರ್ದ್?” ಎಂದು ಎಲೆ ಮಡಿಸಿ ಬಾಯಿಗಿಟ್ಟುಕೊಂಡರು. ಅದರ ಮೇಲೆ ಆ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. 2006ರಲ್ಲಿ ಅಪ್ಪಯ್ಯ ಹೋದರು.

ಒಳಗೆ ಕಿಲುಬಾಗಿ ಕೂತಿದ್ದದ್ದು ಅಂದು ಪೂರ್ತಿ ಹೋಯಿತೆಂದು ಹೇಳಲಾರೆ. ಅಬ್ಬಿ ಆ ವರ್ಷ ಕಿವಿಯ ಓಲೆ ಅಡವಿಟ್ಟದ್ದು, ಕೇರಿಯ ಹೆಂಗಸರು ಹತ್ತಿ ಹೊಸೆಯಲು ಬರುವುದು ನಿಂತದ್ದು, ಇವನ್ನು ಯಾವ ಮಾತೂ ಹಿಂದಕ್ಕೆ ತರುವುದಿಲ್ಲ. ಆದರೆ ಶಾಲೆಯಲ್ಲಿ ನನಗೊಂದು ಅಭ್ಯಾಸವಾಯಿತು. ಮಗುವೊಂದು ತಪ್ಪು ಉತ್ತರ ಬರೆದರೆ, ಎಲ್ಲಿಂದ ಅಳೆಯಬೇಕೆಂದು ನಾನು ಹೇಳಿಕೊಟ್ಟಿದ್ದೆನೇ ಎಂದು ಮೊದಲು ನೋಡಿಕೊಳ್ಳುತ್ತೇನೆ. ಪ್ರತಿಸಲ ಆಗುವುದಿಲ್ಲ, ನೆನಪಾದಾಗ.

2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಒಂದು ಹಾಯಿಹಡಗನ್ನು ನೌಕಾಪಡೆಗೆ ಸೇರಿಸಿಕೊಂಡ ಸುದ್ದಿಯನ್ನು ನೀವೂ ಓದಿರಬಹುದು. ಅದರ ಹೆಸರು ಕೌಂಡಿನ್ಯ. ಅಜಂತಾದ ಚಿತ್ರವೊಂದನ್ನು ನೋಡಿ, ಕೇರಳದ ಕುಶಲಕರ್ಮಿಗಳಿಂದ, ಮೊಳೆಯ ಬದಲು ತೆಂಗಿನ ನಾರಿನ ಹಗ್ಗದಿಂದ ಹಲಗೆ ಹೊಲಿಸಿ ಗೋವೆಯಲ್ಲಿ ಕಟ್ಟಿದ್ದು. ಹಾಯಿಯ ಮೇಲೆ ನಮ್ಮ ಗಂಡಭೇರುಂಡ. ಅದು 2025ರ ಡಿಸೆಂಬರಿನ ಕೊನೆಗೆ ಪೋರಬಂದರಿನಿಂದ ಹೊರಟು 2026ರ ಜನವರಿಯಲ್ಲಿ ಮಸ್ಕತ್ತನ್ನು ಮುಟ್ಟಿತು. ಮಾರ್ಕೊ ಪೋಲೊ ಇದ್ದಿದ್ದರೆ ಏನೆನ್ನುತ್ತಿದ್ದನೋ! ಟಿವಿಯಲ್ಲಿ ಎಲ್ಲರೂ ಹಾಯಿಯನ್ನು ತೋರಿಸಿದರು. ನಾನು ಹೊಲಿಗೆಯನ್ನು ಹುಡುಕುತ್ತಿದ್ದೆ. ಹತ್ತಿರದಿಂದ ಒಮ್ಮೆ ತೋರಿಸಿದಾಗ ಎದ್ದು ಟಿವಿಯ ಬಳಿ ಹೋಗಿ ನಿಂತೆ. ಮನೆಯವರು ನಕ್ಕರು.

ಮೂರನೆಯ ಬೆಂಚಿನ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇನೆ. ಮರುದಿನ ನಾನು ಮನೆಯಿಂದ ಹತ್ತಿ ಒಯ್ದು, ತೊಡೆಯ ಮೇಲೆ ಹೊಸೆದು ತೋರಿಸಿ, ಅಂಜುದೀವದ ಸಂಗತಿ ಹೇಳಿದೆ. ಬಂಡೆಗೆ ಬಡಿದ ಎಂಡೆವರ್ ಕತೆಯನ್ನೂ ಹೇಳಿದೆ. ಕುರಿಯ ಹಿಕ್ಕೆ ಬಂದಾಗ ತರಗತಿ ಮತ್ತೆ ಗೊಳ್ಳೆಂದಿತು. ಗಂಗೊಳ್ಳಿಯ ಕತೆ ಹೇಳಲಿಲ್ಲ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಾಮನ ಪ್ರಯಾಣದ ಬಗ್ಗೆ ಎರಡು ಅಂಕದ ಪ್ರಶ್ನೆ ಇತ್ತು. ಅವಳು ಇಸವಿ ತಪ್ಪಿದ್ದಳು, ಕಲ್ಲಿಕೋಟೆ ಬರೆದಿದ್ದಳು. ಕೊನೆಗೆ ಒಂದು ಸಾಲು: ‘ಹಿಂದೆ ಹೋಗುವಾಗ ಕಾರವಾರದ ಹತ್ತಿರ ನಿಂತು ಹಡಗು ರಿಪೇರಿ ಮಾಡಿಸಿಕೊಂಡು ಹೋದನು.’

ಮಾದರಿ ಉತ್ತರದಲ್ಲಿ ಆ ಸಾಲು ಇರಲಿಲ್ಲ. ಕೆಂಪು ಪೆನ್ನು ಹಿಡಿದು ಸ್ವಲ್ಪ ಯೋಚಿಸಿದೆ. ಇಸವಿ ತಪ್ಪಿದ್ದಕ್ಕೆ ಅರ್ಧ ಅಂಕ ಕಳೆದೆ. ಆ ಸಾಲಿಗೆ ಅರ್ಧ ಅಂಕ ಸೇರಿಸಿದೆ.